ಏರಿಯಿಂದ ಹೊಸ್ತಿಲಿಗೆ ಇಳಿದ ನಕ್ಷೆ

ಶಿವಮೊಗ್ಗದ ಹಳೆಯ ಭಾಗದಲ್ಲಿ, ತುಂಗೆಯ ದಂಡೆಗೆ ಬೆನ್ನು ಕೊಟ್ಟು ಕೂತ ಒಂದು ಸಣ್ಣ ಓಣಿ. ಹಾಲಿನ ಗಾಡಿ ಈಗಷ್ಟೇ ಹೋಗಿದೆ. ಬೆಳಕು ಇನ್ನೂ ಹಂಚಿನ ಮೇಲೇ ಇದೆ, ನೆಲಕ್ಕೆ ಇಳಿದಿಲ್ಲ. ಬಾಗಿಲು ತೆಗೆದ ಮನೆಗಳ ಮುಂದೆ ನೀರು ಚೆಲ್ಲಿ ಗುಡಿಸುವ ಸದ್ದು. ಓಣಿಯ ನಡುಮಧ್ಯೆ ಹೆಂಗಸೊಬ್ಬರು ತಮಗಿಂತ ಎತ್ತರದ ಕೋಲೊಂದನ್ನು ನೆಟ್ಟಗೆ ಹಿಡಿದು ನಿಂತಿದ್ದಾರೆ. ಕೋಲಿನ ತುದಿಯಲ್ಲಿ ಬಿಳಿ ಅಣಬೆಯಂಥ ಒಂದು ಯಂತ್ರ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೀರೆಯ ಮೇಲೊಂದು ಗಂಡಸರ ಶರ್ಟು ತೊಟ್ಟು, ಕಾಲಿಗೆ ಕ್ಯಾನ್ವಾಸ್ ಶೂ ಕಟ್ಟಿದ್ದಾರೆ. ಹೆಗಲಲ್ಲಿ ಸುರುಳಿ ಸುತ್ತಿದ ಪಾರದರ್ಶಕ ಪ್ಲಾಸ್ಟಿಕ್ ಪೈಪು. ಅದರೊಳಗೆ ನೀಲಿ ನೀರು.

ಎದುರು ಮನೆಯ ಮಹಾಂತಮ್ಮ ಪೊರಕೆ ಹಿಡಿದುಕೊಂಡೇ ನಾಲ್ಕು ಮೆಟ್ಟಿಲು ಹತ್ತಿ ಮೇಲೆ ಬರುತ್ತಾರೆ. ಅವರ ಮನೆ ಓಣಿಗಿಂತ ಕೆಳಗಿದೆ. ಮಂಡಿನೋವು, ಒಂದೊಂದು ಮೆಟ್ಟಿಲಿಗೂ ಗೋಡೆ ಹಿಡಿಯಬೇಕು.

“ರಸ್ತೆ ಅಗಲ ಮಾಡೋಕಾ?”

“ಅಲ್ಲಮ್ಮ.”

“ಹಾಗಾದ್ರೆ ಕಂದಾಯ ಜಾಸ್ತಿ ಮಾಡೋಕೆ.”

“ಅದೂ ಅಲ್ಲ. ನಿಮ್ಮ ಹೊಸ್ತಿಲು ಎಷ್ಟು ಕೆಳಗಿದೆ ಅಂತ ಅಳೆಯೋಕೆ.”

“ನಮ್ಮ ಹೊಸ್ತಿಲು ನಮ್ಮ ಮಾವ ಇಡಿಸಿದ್ದು. ಎಷ್ಟು ಬೇಕೋ ಅಷ್ಟೇ ಕೆಳಗಿದೆ. ನೀವು ಮುಂದೆ ಹೋಗಿ ತಾಯಿ.”

ಬಾಗಿಲು ಮುಕ್ಕಾಲು ಮುಚ್ಚುತ್ತದೆ. ಕೋಲು ಹಿಡಿದ ಶಾಮಲಾ ಬೇಜಾರು ಮಾಡಿಕೊಳ್ಳುವುದಿಲ್ಲ. “ಪೂರ್ತಿ ಮುಚ್ಚಿಲ್ಲ ನೋಡಿ,” ಎಂದು ನನಗೆ ಕಣ್ಣಲ್ಲೇ ತೋರಿಸುತ್ತಾರೆ. “ಸಂದೀಲಿ ನಿಂತು ನೋಡ್ತಿದಾರೆ. ವಾಪಸ್ ಬರುವಾಗ ಕಾಫಿ ಕೊಡ್ತಾರೆ. ಬೆಟ್ ಕಟ್ತೀರಾ?”

ಶಾಮಲಾ ಅವರಿಗೆ ನಲವತ್ತರ ಮೇಲೆ ಸ್ವಲ್ಪ. ಮನೆ ಭದ್ರಾವತಿಯ ಕಾಗದನಗರದಲ್ಲಿ. ಕೆಲಸ ಶಿವಮೊಗ್ಗದ ‘ನೆಲನೋಟ’ ಎಂಬ ಸಣ್ಣ ನಕ್ಷೆ ಕಂಪನಿಯಲ್ಲಿ. ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿ, ನಾಲ್ಕು ಕಂಪ್ಯೂಟರು, ಒಂದು ಫ್ಯಾನು. ಬೇರೆ ಬೇರೆ ಇಲಾಖೆಗಳು ಗುತ್ತಿಗೆ ಕೊಟ್ಟಾಗ ಇವರು ಊರನ್ನು ಅಳೆದು ನಕ್ಷೆ ಮಾಡಿಕೊಡುತ್ತಾರೆ. ಶಾಮಲಾ ಅಲ್ಲಿ ಫೀಲ್ಡ್ ಸರ್ವೇಯರ್. ದಿನಕ್ಕೆ ಮೂವತ್ತು ನಲವತ್ತು ಮನೆ; ನಾಯಿ ಜಾಸ್ತಿ ಇರುವ ಬೀದಿಯಾದರೆ ಇಪ್ಪತ್ತೇ. ಮುಂಜಾನೆಯೇ ಯಾಕೆ ಬರುತ್ತೀರಿ ಎಂದು ಕೇಳಿದರೆ ಉತ್ತರ ತಯಾರಿದೆ. “ಆ ಹೊತ್ತಿಗೆ ಗಾಡಿ ಅಡ್ಡ ಇರಲ್ಲ, ಬಾಗಿಲು ತೆಗ್ದಿರುತ್ತೆ. ಹೊಸ್ತಿಲು ತೊಳೆದು ರಂಗೋಲಿ ಹಾಕೋಕೆ ಮುಂಚೆ ಕೆಲಸ ಮುಗಿಸ್ಬೇಕು. ರಂಗೋಲಿ ಹಾಕಿದ್ಮೇಲೆ ಪೈಪು ಇಟ್ಟರೆ ಯಾರು ಸುಮ್ನಿರ್ತಾರೆ ಹೇಳಿ.”

ಇವರು ಮಾಡುವ ಕೆಲಸಕ್ಕೆ ಜಿಐಎಸ್ ಎನ್ನುತ್ತಾರೆ. ಆ ಮೂರು ಅಕ್ಷರ ಕೇಳಿ ಹೆದರಬೇಡಿ, ನಾನು ಹೆದರಿ ಆಗಿದೆ. ಶಾಲೆಯಲ್ಲಿ ನಾವು ಭಾರತದ ನಕ್ಷೆ ಬರೆಯಲು ಬಿಳಿ ಹಾಳೆಗೆ ಕೊಬ್ಬರಿ ಎಣ್ಣೆ ಸವರುತ್ತಿದ್ದೆವಲ್ಲ, ಕೆಳಗಿನ ಚಿತ್ರ ಕಾಣಲಿ ಎಂದು? ಅಂಥ ಎಣ್ಣೆ ಹಾಳೆಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ ಇದು. ಒಂದು ಹಾಳೆಯಲ್ಲಿ ರಸ್ತೆ ಮಾತ್ರ, ಇನ್ನೊಂದರಲ್ಲಿ ಮನೆ, ಮತ್ತೊಂದರಲ್ಲಿ ಚರಂಡಿ, ಇನ್ನೊಂದರಲ್ಲಿ ಬೀದಿದೀಪ. ಕಂಪ್ಯೂಟರಿನೊಳಗೆ ಎಲ್ಲ ಹಾಳೆಗಳೂ ಒಂದೇ ಅಳತೆಗೆ ಕೂರುತ್ತವೆ. ಬೇಕಾದ್ದನ್ನು ಎತ್ತಿ ನೋಡಬಹುದು, ಎರಡನ್ನು ಸೇರಿಸಿ ಪ್ರಶ್ನೆ ಕೇಳಬಹುದು. ಈ ಹಾಳೆಗಳಿಗೆ ಲೇಯರ್ ಅಂತ ಹೆಸರು. ಹಾಳೆಯ ಮೇಲಿನ ಒಂದೊಂದು ಚುಕ್ಕೆಯ ಹಿಂದೆಯೂ ಬಿಸಿಲಲ್ಲಿ ಕೋಲು ಹಿಡಿದು ನಿಂತ ಒಬ್ಬರಿರುತ್ತಾರೆ. ಅದು ಮಾತ್ರ ಕಂಪ್ಯೂಟರಿನಲ್ಲಿ ಕಾಣುವುದಿಲ್ಲ.

ಶಾಮಲಾ ಹುಟ್ಟಿ ಬೆಳೆದದ್ದೇ ಕಾಗದನಗರದ ಕ್ವಾರ್ಟರ್ಸ್‌ನಲ್ಲಿ. ತಂದೆ ವಿಷ್ಣುಪ್ರಸಾದ ಕಾಗದದ ಕಾರ್ಖಾನೆಯಲ್ಲಿ ಹಾಳೆ ಕತ್ತರಿಸುವ ವಿಭಾಗದಲ್ಲಿದ್ದವರು. “ನಮ್ಮನೇಲಿ ಅಕ್ಕಿ ಖಾಲಿ ಆಗಿರಬಹುದು, ಬಿಳಿ ಕಾಗದ ಖಾಲಿ ಆಗಿದ್ದಿಲ್ಲ,” ಎಂದು ನಗುತ್ತಾರೆ. ಅಕ್ಕಪಕ್ಕದಲ್ಲಿ ತಮಿಳು, ತೆಲುಗು, ದಖನಿ ಎಲ್ಲ ಮಾತೂ ಇತ್ತು. ಯಾರ ಮನೆಯ ಬಾಗಿಲು ಬಡಿದರೆ ಹೇಗೆ ಮಾತಾಡಬೇಕು ಅನ್ನುವ ವಿದ್ಯೆ ಅಲ್ಲೇ ಬಂತು. ಪಿಯುಸಿ ಮುಗಿಸಿದರು, ಮದುವೆಯಾಯಿತು. ಗಂಡ ವಿಜಯಕುಮಾರ್ ಭದ್ರಾವತಿ–ಶಿವಮೊಗ್ಗ ನಡುವೆ ಓಡುವ ಪ್ರೈವೇಟ್ ಬಸ್ಸಿನ ಕಂಡಕ್ಟರ್. “ಅವರು ದಿನಾ ಅದೇ ರಸ್ತೇಲಿ ಟಿಕೆಟ್ ಹರೀತಾರೆ. ನಾನು ದಿನಾ ಬೇರೆ ರಸ್ತೇಲಿ ಬೈಸಿಕೊಳ್ತೀನಿ.”

ಕೆಲಸ ಸಿಕ್ಕಿದ್ದು ಆಕಸ್ಮಿಕ. ಕಾಗದನಗರದ ಮನೆಗಳ ಸರ್ವೆಗೆ ಬಂದ ತಂಡಕ್ಕೆ ಕೋಲು ಹಿಡಿಯಲು ಸ್ಥಳೀಯರೊಬ್ಬರು ಬೇಕಿತ್ತು. ಗಂಡಸರು ಹೋಗಿ ಕದ ತಟ್ಟಿದರೆ ಮಧ್ಯಾಹ್ನದ ಹೊತ್ತು ಯಾರೂ ತೆಗೆಯುತ್ತಿರಲಿಲ್ಲ. ಶಾಮಲಾ ನಾಲ್ಕು ದಿನದ ಮಟ್ಟಿಗೆ ಅಂತ ಹೋದರು. ಕೋಲು ಹಿಡಿದು ನಿಂತಾಗಲೆಲ್ಲ ಒಂದೇ ಪ್ರಶ್ನೆ: ಈ ಚುಕ್ಕೆ ಎಲ್ಲಿಗೆ ಹೋಗುತ್ತೆ? ತಂಡದ ಎಂಜಿನಿಯರ್ ರವಿಶಂಕರ ಕೊನೆಗೆ ಲ್ಯಾಪ್‌ಟಾಪ್ ತೆರೆದು ತೋರಿಸಿದರು. ಮೇಲಿನಿಂದ ತೆಗೆದ ಚಿತ್ರದಲ್ಲಿ ಕಾಗದನಗರ ಪೂರ್ತಿ ಹರಡಿಕೊಂಡಿತ್ತು. ಅದರ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಹಳದಿ ಚುಕ್ಕೆ.

“ಒಂದು ಚುಕ್ಕೆ ನಾನು ಹುಟ್ಟಿದ ಮನೇದು. ಅದರ ಮುಂದಿನ ನೇರಳೆ ಮರ ಸಮೇತ ಕಾಣ್ತಿತ್ತು. ಇಷ್ಟು ವರ್ಷ ಅಲ್ಲಿದ್ದೆ, ಮೇಲಿಂದ ನೋಡೇ ಇರ್ಲಿಲ್ಲ. ನಾನು ನಿಂತ ಜಾಗ ಅಲ್ಲೇ ಇತ್ತು ಸಾರ್, ಅಳಿಸಿ ಹೋಗಿರ್ಲಿಲ್ಲ.” ಇದನ್ನು ಹೇಳುವಾಗ ಈಗಲೂ ಅವರ ದನಿ ಸ್ವಲ್ಪ ಏರುತ್ತದೆ.

ನಾಲ್ಕು ದಿನ ಹನ್ನೆರಡು ವರ್ಷವಾಯಿತು. ಕೋಲು ಹಿಡಿಯುವುದರಿಂದ ಟ್ಯಾಬ್ ಹಿಡಿಯುವುದಕ್ಕೆ, ಅಲ್ಲಿಂದ ಕಂಪ್ಯೂಟರಿನ ಮುಂದೆ ಕೂತು ಲೇಯರ್ ಸರಿಮಾಡುವುದಕ್ಕೆ ಅವರು ತಾವೇ ಹತ್ತಿದರು. ಇಂಗ್ಲಿಷಿನ ಮೆನು ಅರ್ಥವಾಗದಿದ್ದಾಗ ಒತ್ತಿ ನೋಡುವುದು, ಕೆಟ್ಟರೆ ರವಿಶಂಕರ ಅವರನ್ನು ಕೂಗುವುದು. ಕೆಟ್ಟ ಕಥೆಗಳೂ ಇವೆ. ಒಮ್ಮೆ ಮಲವಗೊಪ್ಪದ ನೀರಿನ ಟ್ಯಾಂಕನ್ನು ನಕ್ಷೆಗೆ ಏರಿಸುವಾಗ ಅಕ್ಷಾಂಶದ ಮನೆಯಲ್ಲಿ ರೇಖಾಂಶ, ರೇಖಾಂಶದ ಮನೆಯಲ್ಲಿ ಅಕ್ಷಾಂಶ ಬರೆದುಬಿಟ್ಟರು. ಟ್ಯಾಂಕು ಮಾಯ. ಹುಡುಕಿ ಹುಡುಕಿ ಸಾಕಾಗಿ ಇಡೀ ಭೂಮಿ ಕಾಣುವಷ್ಟು ನಕ್ಷೆಯನ್ನು ಸಣ್ಣ ಮಾಡಿದರೆ, ಅದು ಉತ್ತರ ಧ್ರುವದ ಹತ್ತಿರದ ಹಿಮದ ಸಮುದ್ರದಲ್ಲಿ ಒಂಟಿಯಾಗಿ ಕೂತಿತ್ತು.

“ಆಫೀಸಿನೋರು ಒಂದು ವಾರ ನನ್ನ ಕೇಳಿದ್ದೇ ಕೇಳಿದ್ದು. ಮೇಡಂ, ಮಲವಗೊಪ್ಪದೋರಿಗೆ ಇವತ್ತು ಐಸ್ ನೀರು ಬಂತಾ ಅಂತ.”

ಬೀದಿಯಲ್ಲಿ ಮಾತ್ರ ತಮಾಷೆ ಕಡಿಮೆ. ಟ್ಯಾಬ್ ಹಿಡಿದವರನ್ನು ಕಂಡರೆ ಜನರಿಗೆ ಮನೆ ಒಡೆಯುವವರೇ ನೆನಪಾಗುತ್ತಾರೆ. ಒಂದು ಕಡೆ ಬಕೆಟ್ ನೀರು ಎರಚಿದ್ದಾರೆ, ಇನ್ನೊಂದು ಕಡೆ ಗೇಟಿನ ಒಳಗೆ ಬಿಟ್ಟುಕೊಂಡು ಹೊರಗಿನಿಂದ ಚಿಲಕ ಹಾಕಿದ್ದಾರೆ. ನಾಯಿ ಕಚ್ಚಿದ ಗುರುತು ಎರಡು ಕಾಲಲ್ಲೂ ಇದೆ. ಕೆಲಸ ಗುತ್ತಿಗೆಯದು, ಒಂದು ಯೋಜನೆ ಮುಗಿದರೆ ಇನ್ನೊಂದು ಬರುವವರೆಗೆ ಕಾಯಬೇಕು. ಆದರೂ ಒಳ್ಳೆಯ ಗಳಿಗೆಗಳಿವೆ. ಆಯನೂರಿನಲ್ಲಿ ಬೀದಿದೀಪದ ಕಂಬಗಳಿಗೆಲ್ಲ ಚುಕ್ಕೆ ಇಟ್ಟು ನಂಬರು ಕೊಟ್ಟ ಮೇಲೆ, ದೀಪ ಕೆಟ್ಟಿದೆ ಎಂದು ಫೋನ್ ಬಂದರೆ ರಿಪೇರಿಯವರು ಸೀದಾ ಆ ಕಂಬದ ಬುಡಕ್ಕೇ ಬರುತ್ತಾರೆ. ಬಸ್ಸಿನ ಕಿಟಕಿಯಿಂದ ಆ ದೀಪಗಳನ್ನು ಕಂಡಾಗ ಶಾಮಲಾ ಪಕ್ಕದ ಸೀಟಿನವರಿಗೆ ಏನೂ ಹೇಳುವುದಿಲ್ಲ. “ಒಳಗೊಳಗೇ ನಂಬರ್ ಹೇಳ್ಕೊಳ್ತೀನಿ ಅಷ್ಟೇ.”

ಆದರೆ ನಾನು ಇವರನ್ನು ಹುಡುಕಿಕೊಂಡು ಬಂದದ್ದು ದೀಪದ ಕಂಬಕ್ಕಾಗಿ ಅಲ್ಲ. ಭದ್ರಾವತಿಯಲ್ಲಿ ಲಾರಿ ಮೆಕ್ಯಾನಿಕ್ ಒಬ್ಬರ ಮಾತು ಕೇಳಿ ಬಂದೆ.

ಭದ್ರಾವತಿಯಲ್ಲಿ ಹೊಳೆಯ ಪಕ್ಕ ಮೆಟ್ಟಿಲು ಕೇರಿ ಅಂತ ಜನ ಕರೆಯುವ ಒಂದು ಜಾಗವಿದೆ. ಹೊಳೆಯ ನೀರು ಊರಿಗೆ ನುಗ್ಗದ ಹಾಗೆ ಹಿಂದಿನವರು ಹಾಕಿದ ಮಣ್ಣಿನ ಏರಿ. ಏರಿಯ ಮೇಲೆ ರಸ್ತೆ. ರಸ್ತೆಯಿಂದ ಊರಿನ ಕಡೆಗೆ ಏಳೆಂಟು ಮೆಟ್ಟಿಲು ಇಳಿದರೆ ಸಾಲು ಮನೆ. ಅದರಲ್ಲೊಂದು ರೋಶನ್ ಬೀ ಅವರದು. ಅವರು ಬ್ಲೌಸ್ ಹೊಲಿಯುತ್ತಾರೆ. ಗಂಡ ಇಸ್ಹಾಕ್ ಲಾರಿಯ ಕೆಳಗೆ ಮಲಗಿ ಕೆಲಸ ಮಾಡುವಾಗ ಜಾಕ್ ಜಾರಿ ಬೆನ್ನು ಮುರಿಯಿತು. ಅಂದಿನಿಂದ ಮಂಚವೇ ಅವರ ಗ್ಯಾರೇಜು. ಸೊಂಟದ ಕೆಳಗೆ ಸ್ವಾಧೀನವಿಲ್ಲ, ನಾಲಿಗೆಗೆ ಮಾತ್ರ ಪೂರ್ತಿ ಸ್ವಾಧೀನ. ಏರಿಯ ಮೇಲೆ ಹೋಗುವ ಗಾಡಿಯ ಸದ್ದು ಕೇಳಿ ಯಾವುದರ ಕ್ಲಚ್ ಹೋಗಿದೆ ಎಂದು ಮಲಗಿದಲ್ಲೇ ಹೇಳುತ್ತಾರೆ.

ಮೂರು ವರ್ಷದ ಹಿಂದೆ ‘ನೆಲನೋಟ’ದವರು ಹೊಳೆ ಪಕ್ಕದ ಬೀದಿಗಳಿಗೆ ಪ್ರವಾಹದ ನಕ್ಷೆ ಮಾಡಿದರು. ಲೆಕ್ಕ ಸರಳ. ಪ್ರತಿ ಮನೆಯ ಎತ್ತರ ಒಂದು ಲೇಯರ್‌ನಲ್ಲಿ. ಹೊಳೆಯ ನೀರು ಎಷ್ಟು ಎತ್ತರಕ್ಕೆ ಬರಬಹುದು ಎನ್ನುವುದು ಇನ್ನೊಂದರಲ್ಲಿ. ನೀರು ಮನೆಗಿಂತ ಎತ್ತರ ಬಂದರೆ ಆ ಚುಕ್ಕೆ ಕೆಂಪಾಗುತ್ತದೆ. ಕೆಂಪಾದ ಕಡೆಗೆ ಮೊದಲು ರಕ್ಷಣೆಯ ಲಾರಿ ಹೋಗಿ ಜನರನ್ನು ಎತ್ತಿಕೊಂಡು ಬರಬೇಕು.

ತೊಂದರೆ ಆದದ್ದು ಚುಕ್ಕೆ ಇಟ್ಟ ಜಾಗದಲ್ಲಿ. ಅಣಬೆ ಕೋಲಿಗೆ ಆಕಾಶ ಕಾಣಬೇಕು. ಮೇಲಿನ ಉಪಗ್ರಹಗಳ ಸಂಕೇತ ಸಿಕ್ಕರೆ ಮಾತ್ರ ಅದು ಎತ್ತರ ಹೇಳುತ್ತದೆ. ಸೂರಿನ ಕೆಳಗೆ, ಇಕ್ಕಟ್ಟಿನ ಮೆಟ್ಟಿಲಲ್ಲಿ ಅದು ಕುರುಡು. ಹಾಗಾಗಿ ಎಲ್ಲ ಕಡೆಯೂ ಮಾಡುವ ಹಾಗೆ ಇಲ್ಲೂ ಮನೆಯ ಎದುರಿನ ರಸ್ತೆಯಲ್ಲಿ ನಿಂತು ಚುಕ್ಕೆ ತೆಗೆದರು. ಸಮತಟ್ಟಾದ ಬೀದಿಗಳಲ್ಲಿ ರಸ್ತೆಯೂ ಹೊಸ್ತಿಲೂ ಹೆಚ್ಚುಕಡಿಮೆ ಒಂದೇ. ಇಲ್ಲಿ ರಸ್ತೆ ಏರಿಯ ಮೇಲೆ, ಮನೆ ಆಳದಲ್ಲಿ. ಕಂಪ್ಯೂಟರಿನಲ್ಲಿ ಮೆಟ್ಟಿಲು ಕೇರಿಯ ಮನೆಗಳೆಲ್ಲ ಏರಿ ಹತ್ತಿ ಕೂತವು.

ಆ ಮಳೆಗಾಲ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಾಗ ಹೊಳೆ ಏರಿಯನ್ನು ದಾಟಲಿಲ್ಲ. ಏರಿಯ ಕೆಳಗಿನ ಮೋರಿಯಲ್ಲಿ ಹಿಂದಕ್ಕೆ ಹರಿದು ಒಳಗೆ ತುಂಬಿತು. ಮೇಲೆ ರಸ್ತೆ ಒಣಗಿತ್ತು, ಕೆಳಗೆ ಮಂಚದ ಕಾಲು ಮುಳುಗುತ್ತಿತ್ತು.

“ಲಾರಿ ಬಂದಿದ್ದು ಕೇಳಿಸ್ತು,” ಎನ್ನುತ್ತಾರೆ ಇಸ್ಹಾಕ್. “ಹಳೇ ಇಂಜಿನ್ನು, ಸೆಕೆಂಡ್ ಗೇರಲ್ಲಿತ್ತು. ನಾನು ಇವಳಿಗೆ ಹೇಳ್ದೆ, ಬಂತು ನೋಡು, ಈಗ ಬ್ರೇಕ್ ಹಾಕ್ತಾನೆ ಅಂತ. ಹಾಕ್ಲಿಲ್ಲ. ಥರ್ಡ್‌ಗೆ ಹಾಕ್ದ. ಹೋದ. ನೀರಿಗಿಂತ ಆ ಥರ್ಡ್ ಗೇರಿನ ಸದ್ದೇ ಹೆದರಿಸಿಬಿಡ್ತು ನನ್ನ.”

ಲಾರಿ ಮುಂದಿನ ಬೀದಿಗೆ ಹೋಗಿತ್ತು. ಅಲ್ಲಿ ಚುಕ್ಕೆ ಕೆಂಪಾಗಿತ್ತು. ಇಸ್ಹಾಕರನ್ನು ಅಕ್ಕಪಕ್ಕದವರು ಮಂಚದ ಸಮೇತ ಎತ್ತಿ, ಮೆಟ್ಟಿಲಲ್ಲಿ ಎರಡು ಸಲ ಜಾರಿ, ಹೇಗೋ ಮೇಲೆ ತಂದರು.

ನೀರು ಇಳಿದ ಮೇಲೆ ಶಾಮಲಾ ಆ ಕೇರಿಗೆ ಹೋದರು. ಯಾರೂ ಕಳಿಸಿರಲಿಲ್ಲ. ಕೆಸರು ತೊಳೆಯುತ್ತಿದ್ದ ರೋಶನ್ ಬೀ ಇವರನ್ನು ನೋಡಿದೊಡನೆ ಗುರುತು ಹಿಡಿದರು.

“ಅರೇ, ಕೋಲಿನ ಅಕ್ಕ! ಬಾ ಬಾ. ನಿನ್ನ ಕಂಪ್ಯೂಟರ್‌ನಲ್ಲಿ ನಮ್ಮನೆ ಒಣಗಿತ್ತಂತೆ ಅಲ್ವಾ? ನಮ್ಮ ಹಾಸಿಗೆಗೆ ಯಾರೂ ಹೇಳಿರ್ಲಿಲ್ಲ ನೋಡು, ಅದು ಒದ್ದೆ ಆಗ್ಬಿಡ್ತು.”

“ಕೋಲು ಹಿಡಿದಿದ್ದು ನಾನೇ,” ಎನ್ನುತ್ತಾರೆ ಶಾಮಲಾ. “ಮೆಟ್ಟಿಲು ಇಳಿದು ಅವರ ಮನೇಲಿ ನೀರು ಕುಡಿದಿದ್ದೆ. ಎಷ್ಟು ಕೆಳಗಿದೆ ಅಂತ ನನ್ನ ಕಾಲಿಗೆ ಗೊತ್ತಿತ್ತು, ನಕ್ಷೆಗೆ ಹೇಳ್ಲಿಲ್ಲ. ಹೇಳೋಕೆ ಅದರಲ್ಲಿ ಜಾಗ ಇರ್ಲಿಲ್ಲ. ಜಾಗ ಮಾಡ್ಬೇಕಿತ್ತು.”

ಅವತ್ತೇ ಆಫೀಸಿಗೆ ಬಂದು ರವಿಶಂಕರ ಅವರ ಟೇಬಲ್ಲಿನ ಮುಂದೆ ನಿಂತರು. ಹೊಳೆ ಪಕ್ಕದ ಎಲ್ಲ ಮನೆಗೂ ಹೊಸ್ತಿಲಿನ ಎತ್ತರ ಬೇಕು. ರವಿಶಂಕರ ಬೇಡ ಎನ್ನಲಿಲ್ಲ. ಅವರ ನಿದ್ದೆಯೂ ಕೆಟ್ಟಿತ್ತು. ಆದರೆ ಹೇಗೆ? ಕೋಲು ಸೂರಿನ ಕೆಳಗೆ ನೋಡುವುದಿಲ್ಲ. ದುರ್ಬೀನಿನಂಥ ಲೆವೆಲ್ ಯಂತ್ರ ಇಡೋಣವೆಂದರೆ ಮೆಟ್ಟಿಲು ಎರಡು ಕಡೆ ತಿರುಗುತ್ತದೆ. ಪ್ರತಿ ತಿರುವಿನಲ್ಲೂ ಯಂತ್ರ ಹೂಡುತ್ತಾ ಹೋದರೆ ಮುಂದಿನ ಮಳೆಗಾಲವೂ ಬಂದುಬಿಡುತ್ತದೆ.

ದಾರಿ ತೋರಿಸಿದ್ದು ಕಾಗದನಗರದಲ್ಲಿ ಶಾಮಲಾ ಪಕ್ಕದ ಮನೆಯ ಶಿವಮೂರ್ತಪ್ಪ. ಗಾರೆ ಕೆಲಸದವರು. ಮನೆ ಕಟ್ಟುವಾಗ ಈ ಗೋಡೆಗೂ ಆ ಗೋಡೆಗೂ ಮಟ್ಟ ನೋಡಲು ಅವರು ಪ್ಲಾಸ್ಟಿಕ್ ಪೈಪಿಗೆ ನೀರು ತುಂಬಿ ಎರಡು ತುದಿ ಎತ್ತಿ ಹಿಡಿಯುತ್ತಾರೆ. ಪೈಪು ಎಷ್ಟೇ ಅಂಕುಡೊಂಕಾಗಿ ಬಿದ್ದಿರಲಿ, ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ.

“ಮೂಲೆ ತಿರುಗಿದ್ರೆ ನಿನ್ನ ದುರ್ಬೀನಿಗೆ ಕಷ್ಟ ಮಾರಾಯ್ತಿ, ನೀರಿಗೇನು ಕಷ್ಟ?” ಎಂದರಂತೆ ಶಿವಮೂರ್ತಪ್ಪ. “ಮನೆಯೊಳಗೆ ಬರೋದು ನೀರೇ ತಾನೆ? ಎಲ್ಲಿವರೆಗೆ ಬರ್ತೀಯಾ ಅಂತ ಅದನ್ನೇ ಕೇಳು.”

ಅಂದಿನಿಂದ ಇವರ ಕ್ರಮ ಹೀಗೆ. ರಸ್ತೆಯಲ್ಲಿ, ಆಕಾಶ ಕಾಣುವ ಕಡೆ, ಅಣಬೆ ಕೋಲಿನಿಂದ ಚುಕ್ಕೆ. ಅದೇ ಜಾಗದಲ್ಲಿ ಪೈಪಿನ ಒಂದು ತುದಿ, ಅದರ ನೀರು ರಸ್ತೆಯ ಮಟ್ಟಕ್ಕೆ ನಿಲ್ಲುವ ಹಾಗೆ. ಇನ್ನೊಂದು ತುದಿ ಮೆಟ್ಟಿಲಿಳಿದು ಬಾಗಿಲಿಗೆ. ನೀರು ನಿಂತ ಮಟ್ಟಕ್ಕೆ ಸೀಮೆಸುಣ್ಣದ ಗೆರೆ, ಗೆರೆಯಿಂದ ಹೊಸ್ತಿಲಿಗೆ ಟೇಪು. ರಸ್ತೆಯ ಎತ್ತರದಲ್ಲಿ ಅಷ್ಟನ್ನು ಕಳೆದರೆ ಹೊಸ್ತಿಲಿನ ಎತ್ತರ. ಪೈಪಿನಲ್ಲಿ ಗಾಳಿಗುಳ್ಳೆ ಇದ್ದರೆ ಲೆಕ್ಕ ಕೆಡುತ್ತದೆ. ಶಿವಮೂರ್ತಪ್ಪ ಉಗುರಿನಿಂದ ಚಿಟುಕು ಹೊಡೆದು ಗುಳ್ಳೆ ಓಡಿಸುತ್ತಾರೆ. ನೀರು ಚೆನ್ನಾಗಿ ಕಾಣಲಿ ಎಂದು ಬಟ್ಟೆಗೆ ಹಾಕುವ ನೀಲಿ ಎರಡು ಹನಿ. ಮೊದಲ ದಿನ ಪೈಪಿನ ಮೇಲಿನ ತುದಿ ಹಿಡಿದವರು ಸ್ವತಃ ರವಿಶಂಕರ. ಇಸ್ತ್ರಿ ಮಾಡಿದ ಪ್ಯಾಂಟಿನ ಮೇಲೆಲ್ಲ ನೀಲಿ ಚೆಲ್ಲಿಕೊಂಡು, ಸಿಕ್ಕಿತು ಸಿಕ್ಕಿತು ಎಂದು ಕೂಗಿದರಂತೆ.

ಆ ಮೊದಲ ಮನೆ ರೋಶನ್ ಬೀ ಅವರದೇ. ಕೆಳಗಿನ ತುದಿ ಹಿಡಿದವರು ರೋಶನ್ ಬೀ. ರಸ್ತೆಯ ಮಟ್ಟಕ್ಕೆ ಸರಿಯಾಗಿ ಬಾಗಿಲ ಚೌಕಟ್ಟಿನ ಮೇಲೆ ಶಾಮಲಾ ಒಂದು ಗೆರೆ ಎಳೆದರು. ಗೆರೆ ರೋಶನ್ ಬೀ ಹಣೆಗಿಂತ ಮೇಲಿತ್ತು. ಅವರು ಗೆರೆಯನ್ನು ನೋಡಿದರು, ಕೋಣೆಯೊಳಗಿನ ಮಂಚವನ್ನು ನೋಡಿದರು.

“ಇಷ್ಟು ದಿನ ರಸ್ತೆಯೋರು ನಮ್ಮ ತಲೆ ಮೇಲೇ ನಡೀತಿದ್ರು ಅನ್ನು,” ಎಂದರು. ಮಂಚದಿಂದ ಇಸ್ಹಾಕ್ ಕೂಗಿದರು: “ಆ ಗೆರೆ ಅಳಿಸ್ಬೇಡ. ನಾಳೆ ಯಾರಾದ್ರೂ ನಕ್ಷೆ ತಂದ್ರೆ ತೋರ್ಸೋಕೆ ಬೇಕು.”

ಅವರು ಅಳಿಸಿಲ್ಲ. ಸುಣ್ಣ ಬಳಿದಾಗಲೂ ಅಷ್ಟು ಜಾಗ ಬಿಟ್ಟು ಬಳಿದಿದ್ದಾರೆ.

ಮುಂದಿನ ಬೇಸಿಗೆ ಪೂರ್ತಿ ಶಾಮಲಾ ಮತ್ತು ಶಿವಮೂರ್ತಪ್ಪ ಹೊಳೆ ಪಕ್ಕದ ಬೀದಿಗಳನ್ನು ಹೊಸ್ತಿಲಿಂದ ಹೊಸ್ತಿಲಿಗೆ ಮತ್ತೆ ಅಳೆದರು. ಅಳೆಯುವಾಗ ಶಾಮಲಾ ಇನ್ನೊಂದು ಪ್ರಶ್ನೆಯನ್ನೂ ಸೇರಿಸಿದರು: ಮನೆಯಲ್ಲಿ ತಾವಾಗಿ ಎದ್ದು ನಡೆಯಲಾಗದವರು ಇದ್ದಾರಾ? ಇದ್ದರೆ ಚುಕ್ಕೆಯ ಸುತ್ತ ಒಂದು ದಪ್ಪ ಬಳೆ. ಬಾಣಂತಿಯರು, ಬೆನ್ನು ಮುರಿದವರು, ಕಣ್ಣು ಕಾಣದ ಅಜ್ಜಂದಿರು. ನಕ್ಷೆಯನ್ನು ದೊಡ್ಡದು ಮಾಡಿ ನೋಡಿದರೆ ಈ ಬಳೆಗಳು ಮಿಣುಕುತ್ತವೆ. ಲಾರಿಯವರಿಗೆ ಇದರ ಅರ್ಥ ಒಂದೇ: ಇಲ್ಲಿ ಹಾರ್ನ್ ಹೊಡೆದರೆ ಸಾಲದು, ಇಳಿದು ಹೋಗಬೇಕು.

ಕಳೆದ ಮಳೆಗಾಲದಲ್ಲಿ ಅದಕ್ಕೆ ಪರೀಕ್ಷೆ ಬಂತು.

ಬೆಳಗ್ಗೆಯಿಂದ ಹೊಳೆ ಏರುತ್ತಿದೆ ಎಂಬ ಸುದ್ದಿ. ಮಧ್ಯಾಹ್ನ ಊಟದ ಹೊತ್ತಿಗೆ, ಸಂಜೆಗೆ ನೀರು ಎಷ್ಟು ಬರಬಹುದೆಂಬ ಅಂದಾಜು ಬಂತು. ಜೆರಾಕ್ಸ್ ಅಂಗಡಿಯ ಮೇಲೆ ರವಿಶಂಕರ ಆ ಎತ್ತರವನ್ನು ಕಂಪ್ಯೂಟರಿಗೆ ಕೊಟ್ಟರು. ಶಾಮಲಾ ಡಬ್ಬಿಯ ಚಿತ್ರಾನ್ನ ಕೈಯಲ್ಲೇ ಹಿಡಿದು ಹಿಂದೆ ನಿಂತಿದ್ದರು. ಪರದೆಯ ಮೇಲೆ ನೀಲಿ ಹರಡಿತು. ಹೊಳೆಯಿಂದ ಮೋರಿಗೆ, ಮೋರಿಯಿಂದ ಒಳಕ್ಕೆ. ಏರಿಯ ರಸ್ತೆ ಬಿಳಿಯಾಗಿಯೇ ಉಳಿಯಿತು. ಅದರ ಮಗ್ಗುಲಲ್ಲೇ ಮೆಟ್ಟಿಲು ಕೇರಿಯ ಚುಕ್ಕೆಗಳು ಒಂದೊಂದಾಗಿ ಕೆಂಪಾದವು. ಬಳೆ ಇದ್ದ ಒಂದು ಚುಕ್ಕೆಯೂ ಕೆಂಪಾಯಿತು.

“ಜನ್ಮದಲ್ಲಿ ಯಾರ ಮನೆಗೂ ಕೆಂಪು ಬರ್ಲಿ ಅಂತ ನಾನು ಬೇಡ್ಕೊಂಡಿರ್ಲಿಲ್ಲ,” ಎನ್ನುತ್ತಾರೆ ಶಾಮಲಾ. “ಅವತ್ತು ಬೇಡ್ಕೊಂಡೆ.”

ನಕ್ಷೆ ಭದ್ರಾವತಿಯ ರಕ್ಷಣಾ ತಂಡಕ್ಕೆ ಹೋಯಿತು. ಅಲ್ಲಿಗೆ ಇವರ ಕೆಲಸ ಮುಗಿದಿತ್ತು. ಆದರೆ ಕೂರಲು ಆಗಲಿಲ್ಲ. “ಶಾಮಲಾ ಮೇಡಂ, ನೀವಲ್ಲಿ ಹೋಗಿ ಏನು ಮಾಡ್ತೀರಿ?” ಎಂದು ರವಿಶಂಕರ ಕೇಳುತ್ತಿದ್ದ ಹಾಗೇ ಮೆಟ್ಟಿಲಿಳಿದು ಬಸ್ ಹತ್ತಿದರು. ಗಂಡನದೇ ಬಸ್ಸು. ಮಲವಗೊಪ್ಪ ದಾಟುವವರೆಗೂ ವಿಜಯಕುಮಾರ್ ಟಿಕೆಟ್ ಕೇಳಲು ಬರಲಿಲ್ಲ. ಆಮೇಲೆ ಹತ್ತಿರ ಬಂದು, “ನಕ್ಷೆ ಸರಿ ಇದೆಯಾ?” ಎಂದರು. “ನಕ್ಷೆ ಸರಿ ಇದೆ. ಲಾರಿ ನಿಲ್ಲುತ್ತಾ ಗೊತ್ತಿಲ್ಲ,” ಎಂದರು ಇವರು.

ಏರಿಯ ಮೇಲೆ ಓಡುತ್ತಾ ಬಂದಾಗ ದೂರದಿಂದಲೇ ಕಂಡಿತು. ರಸ್ತೆ ಒಣಗಿದೆ. ಆ ಒಣ ರಸ್ತೆಯಲ್ಲಿ, ಮೆಟ್ಟಿಲು ಕೇರಿಯ ನೆತ್ತಿಯ ಮೇಲೆ, ಲಾರಿ ನಿಂತಿದೆ. ಕೇರಿಗೆ ನೀರು ಇನ್ನೂ ಬಂದಿರಲಿಲ್ಲ. ನಾಲ್ಕು ಜನ ಇಸ್ಹಾಕರನ್ನು ಕುರ್ಚಿಯಲ್ಲಿ ಕೂರಿಸಿ, ಬೆಲ್ಟು ಕಟ್ಟಿ, ಆತುರವಿಲ್ಲದೆ ಒಂದೊಂದೇ ಮೆಟ್ಟಿಲು ಹತ್ತಿಸುತ್ತಿದ್ದರು. ಹಿಂದೆ ರೋಶನ್ ಬೀ, ತಲೆಯ ಮೇಲೆ ಹೊಲಿಗೆ ಮಿಷನ್ನಿನ ತಲೆಭಾಗ, ಕಂಕುಳಲ್ಲಿ ಗಿರಾಕಿಗಳ ಬ್ಲೌಸಿನ ಗಂಟು.

ಇಸ್ಹಾಕ್ ಶಾಮಲಾ ಅವರನ್ನು ಕಂಡು ಕೈ ಎತ್ತಿದರು.

“ಶಾಮಲಕ್ಕಾ! ಥರ್ಡ್‌ನಿಂದ ಸೆಕೆಂಡ್‌ಗೆ ಬಂತು. ಸೆಕೆಂಡ್‌ನಿಂದ ಫಸ್ಟು. ಆಮೇಲೆ ನ್ಯೂಟ್ರಲ್‌ಗೆ ಬಿತ್ತು ನೋಡು! ಹ್ಯಾಂಡ್‌ಬ್ರೇಕ್ ಎಳೆದಿದ್ದೂ ಕೇಳಿಸ್ತು ನಂಗೆ.” ಉಸಿರು ತೆಗೆದುಕೊಂಡು ಸೇರಿಸಿದರು: “ಬ್ರೇಕ್ ಪ್ಯಾಡ್ ಸವೆದಿದೆ, ಡ್ರೈವರ್‌ಗೆ ಹೇಳ್ಬೇಕು.”

“ಹೇಳಿ ಭಾಯಿ, ಮೊದ್ಲು ಮೇಲೆ ಹತ್ತಿ,” ಎಂದರಂತೆ ಶಾಮಲಾ. ನಂತರ ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟರಂತೆ. ಇದನ್ನು ನನಗೆ ಹೇಳಿದ್ದು ಇಸ್ಹಾಕ್. ಶಾಮಲಾ ಅವರನ್ನು ಕೇಳಿದರೆ ಧೂಳು ಅನ್ನುತ್ತಾರೆ, ಮಳೆಗಾಲದಲ್ಲಿ.

ಸಂಜೆಯ ಹೊತ್ತಿಗೆ ಆ ಮನೆಯಲ್ಲಿ ಮಂಚ ಪೂರ್ತಿ ಮುಳುಗಿತ್ತು. ಖಾಲಿ ಮಂಚ.

ಕೇರಿಯವರೆಲ್ಲ ಎತ್ತರದ ಶಾಲೆಯೊಂದರಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದರು. ಇಸ್ಹಾಕ್ ಅಲ್ಲಿ ಲಾರಿ ಡ್ರೈವರ್‌ನನ್ನು ಪಕ್ಕ ಕೂರಿಸಿಕೊಂಡು ಬ್ರೇಕಿನ ಪಾಠ ಮಾಡುತ್ತಿದ್ದರಂತೆ.

ಈ ಕಥೆಯನ್ನು ಯಾವ ಸಭೆಯಲ್ಲೂ ಯಾರೂ ಹೇಳಿಲ್ಲ. ಪ್ರವಾಹದಲ್ಲಿ ಏನಾದರೂ ಕೆಟ್ಟರೆ ಸುದ್ದಿ, ಏನೂ ಆಗದಿದ್ದರೆ ಸುದ್ದಿಯೇ ಇಲ್ಲ. ರವಿಶಂಕರ ಮಾತ್ರ ಆಫೀಸಿನ ಗೋಡೆಗೆ ಒಂದು ಮೊಳೆ ಹೊಡೆದಿದ್ದಾರೆ. ಎರಡು ಲಕ್ಷದ ಅಣಬೆ ಕೋಲು ಬೀರುವಿನಲ್ಲಿ ಬೀಗ ಹಾಕಿಕೊಂಡು ಮಲಗುತ್ತದೆ, ನೀಲಿ ನೀರಿನ ಪೈಪಿಗೆ ಆ ಮೊಳೆ. “ಬಂದೋರೆಲ್ಲ ಇದೇನು ಸಾರ್, ಗಿಡಕ್ಕೆ ನೀರು ಹಾಕೋಕಾ ಅಂತ ಕೇಳ್ತಾರೆ. ಕೂರಿಸಿ ಪೂರ್ತಿ ಕಥೆ ಹೇಳೇ ಕಳಿಸ್ತೀನಿ,” ಎನ್ನುತ್ತಾರೆ ಅವರು. ಹೇಳುವಾಗ ಅವರ ಮುಖ, ಮಗಳು ಓಟದಲ್ಲಿ ಗೆದ್ದ ಅಪ್ಪನ ಮುಖ.

ಈಗ ಶಿವಮೊಗ್ಗದ ಸರದಿ. ಮಳೆ ಹಿಡಿಯುವ ಮುಂಚೆ ತುಂಗೆಯ ಪಕ್ಕದ ಓಣಿಗಳನ್ನು ಮುಗಿಸಬೇಕು. ಓಣಿಯ ಕೊನೆಯ ಮನೆ ಮುಗಿಸಿ ನಾವು ವಾಪಸ್ ಬರುವಾಗ ಬಿಸಿಲು ನೆಲಕ್ಕೆ ಇಳಿದಿದೆ. ಇಲ್ಲಿಗೂ ಪೈಪು ಹಿಡಿಯಲು ಜೊತೆಗೆ ಬಂದಿರುವ ಶಿವಮೂರ್ತಪ್ಪ ಗುಳ್ಳೆಗೆ ಚಿಟುಕು ಹೊಡೆಯುತ್ತಾ ಗೊಣಗುತ್ತಿದ್ದಾರೆ: “ಇದು ಹಳದಿ ಆಗ್ತಾ ಬಂತು ಮಾರಾಯ್ತಿ, ನೀರು ಯಾವ್ದು ಪೈಪ್ ಯಾವ್ದು ಗೊತ್ತಾಗಲ್ಲ.”

ನಿಮಗೇನಾದರೂ ಆಸೆ ಇದೆಯಾ ಎಂದು ಶಾಮಲಾ ಅವರನ್ನು ಕೇಳುತ್ತೇನೆ. ಪ್ರಶಸ್ತಿ, ಕಾಯಂ ನೌಕರಿ, ಇಂಥದ್ದೇನೋ ಬರುತ್ತದೆ ಎಂದುಕೊಂಡಿದ್ದೆ. ಅವರು ಯೋಚಿಸುವುದೇ ಇಲ್ಲ.

“ಒಂದು ಹೊಸ ಪೈಪು. ಇದರ ಎರಡರಷ್ಟು ಉದ್ದ. ಇಲ್ಲಿನ ಕೆಲವು ಮನೆ ತುಂಬಾ ಒಳಗಿದಾವೆ.”

ಮುಕ್ಕಾಲು ಮುಚ್ಚಿದ್ದ ಬಾಗಿಲು ಈಗ ಪೂರ್ತಿ ತೆರೆದಿದೆ. ಮಹಾಂತಮ್ಮ ಮೆಟ್ಟಿಲ ಮೇಲೆ ಕೂತಿದ್ದಾರೆ, ಪಕ್ಕದಲ್ಲಿ ಮೂರು ಲೋಟ ಕಾಫಿ. ಹೊಸ್ತಿಲು ತೊಳೆದಿದೆ, ರಂಗೋಲಿ ಮಾತ್ರ ಇನ್ನೂ ಹಾಕಿಲ್ಲ. ಶಾಮಲಾ ನನ್ನ ಕಡೆ ತಿರುಗಿ ಹುಬ್ಬು ಹಾರಿಸುತ್ತಾರೆ.

“ಪಕ್ಕದ ಮನೆ ಅಳೀವಾಗ ನಿಮ್ಮ ಶಿವಮೂರ್ತಪ್ಪ ಎಲ್ಲ ಹೇಳಿದ್ರು, ಆ ಮಂಚದೋರ ಕಥೆ,” ಎನ್ನುತ್ತಾರೆ ಮಹಾಂತಮ್ಮ, ಬೇರೆಲ್ಲೋ ನೋಡುತ್ತಾ. “ಅಳೀರಿ. ರಂಗೋಲಿ ಆಮೇಲೆ ಹಾಕ್ತೀನಿ.”

ಕೋಲು ನೆಟ್ಟಗಾಗುತ್ತದೆ. ಪೈಪು ಮೆಟ್ಟಿಲಿಳಿಯುತ್ತದೆ. ಕೆಳಗಿನ ತುದಿಯನ್ನು ಮಹಾಂತಮ್ಮ ತಾವೇ ಹಿಡಿದು ಬಾಗಿಲ ಚೌಕಟ್ಟಿಗೆ ಒತ್ತುತ್ತಾರೆ. ನೀಲಿ ನೀರು ಮೇಲೆ ಕೆಳಗೆ ಆಡಿ, ಆಡಿ, ನಿಲ್ಲುತ್ತದೆ. ಸೀಮೆಸುಣ್ಣದ ಗೆರೆ ಬೀಳುತ್ತದೆ. ಮಹಾಂತಮ್ಮ ತಮ್ಮ ಸೊಂಟದ ಎತ್ತರದ ಆ ಗೆರೆಯನ್ನು ಬೆರಳಲ್ಲಿ ಮುಟ್ಟಿ ನೋಡುತ್ತಾರೆ.

“ನನ್ನ ಕೈಲಿ ಬೇಗ ಹತ್ತೋಕಾಗಲ್ಲಮ್ಮ. ಆ ಗಾಡಿ ನಮ್ಮನೆ ಮುಂದೆ ನಿಲ್ಲುತ್ತಾ?”

ಶಾಮಲಾ ಟ್ಯಾಬಿನಲ್ಲಿ ಚುಕ್ಕೆಯನ್ನು ರಸ್ತೆಯಿಂದ ಹೊಸ್ತಿಲಿಗೆ ಇಳಿಸುತ್ತಾರೆ. ಅದರ ಸುತ್ತ ಒಂದು ಬಳೆ ಹಾಕುತ್ತಾರೆ. ಆಮೇಲೆ ತಲೆಯೆತ್ತುತ್ತಾರೆ.

“ನಿಲ್ಲುತ್ತೆ ಅಮ್ಮ. ನೀವು ಕೂತಿರಿ, ಅವರೇ ಇಳಿದು ಬರ್ತಾರೆ.”